ನನ್ನ ಐದನೇ ಬೇಸಿಗೆ ಮತ್ತು ನಿಮ್ಮ ಬೀರುವಿನಲ್ಲಿರುವ ಬೆಣ್ಣೆ

ಮಾನ್ಯ ಪರೀಕ್ಷಾ ಶಿಸ್ತು ಸಮಿತಿಯ ಅಧ್ಯಕ್ಷರೇ,

ಒಂದು ಮುದ್ದೆ ಬೆಣ್ಣೆಗಾಗಿ ನೀವು ನನ್ನ ಪದವಿಯನ್ನು ತಡೆಹಿಡಿದು ಇವತ್ತಿಗೆ ನಲವತ್ತು ದಿನವಾಯಿತು. ಮೂರು ಅರ್ಜಿ ಬರೆದೆ. ಮೂರಕ್ಕೂ "ಪರಿಶೀಲನೆಯಲ್ಲಿದೆ" ಎಂಬ ಒಂದೇ ಉತ್ತರ ಬಂತು. ದಿನಾಂಕ ಮಾತ್ರ ಬೇರೆ ಬೇರೆ. ಆದ್ದರಿಂದ ನಾಲ್ಕನೆಯದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ನಮ್ಮಲ್ಲಿ ಈಗ ಎರಡು ಗಂಟೆಗೊಮ್ಮೆ ಕುದುರೆಗಳ ಹಾಲು ಕರೆಯಬೇಕು. ನಡುನಡುವೆ ಎದ್ದು ಹೋಗಿ ಬಂದು ಬರೆಯುತ್ತಿರುವುದರಿಂದ ಎಲ್ಲಾದರೂ ಎಳೆ ತಪ್ಪಿದ್ದರೆ ಕ್ಷಮಿಸಿ. ಸಿಟ್ಟು ಕಂಡರೆ ಕ್ಷಮಿಸಬೇಕಾಗಿಲ್ಲ.

ನಾನು ನಾರಿನ್ ಸೀಮೆಯ ಒಂದು ಹಳ್ಳಿಯಲ್ಲಿ ಹನ್ನೊಂದು ವರ್ಷದಿಂದ ಮೂರು ಮತ್ತು ನಾಲ್ಕನೇ ತರಗತಿಗೆ ಪಾಠ ಹೇಳುತ್ತಿದ್ದೇನೆ. ಪದವಿ ಇಲ್ಲದವರು ಈ ಸೆಪ್ಟೆಂಬರ್ ಒಂದರಿಂದ ತರಗತಿಯೊಳಗೆ ಕಾಲಿಡಕೂಡದು ಎಂದು ಇಲಾಖೆ ಐದು ವರ್ಷದ ಹಿಂದೆಯೇ ಆದೇಶ ಹೊರಡಿಸಿತು. ನ್ಯಾಯವಾದ ಆದೇಶ, ಒಪ್ಪಿದೆ. ನಮ್ಮಂಥವರಿಗಾಗಿಯೇ ನಿಮ್ಮ ವಿಶ್ವವಿದ್ಯಾಲಯ ಬೇಸಿಗೆ ತರಗತಿ ನಡೆಸುತ್ತದೆ: ವರ್ಷಕ್ಕೆ ನಾಲ್ಕು ವಾರ, ಐದು ಬೇಸಿಗೆ, ಕೊನೆಗೆ ಒಂದು ಮೌಖಿಕ ಪರೀಕ್ಷೆ. ಕುರಿ, ಕುದುರೆ, ಗುಡಾರ ಎಲ್ಲ ಕಟ್ಟಿಕೊಂಡು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗಿ, ಇಡೀ ವರ್ಷದ ಅನ್ನ ದುಡಿದುಕೊಳ್ಳುವ ತಿಂಗಳೂ ಅದೇ ಜೂನ್ ಎನ್ನುವುದು ವೇಳಾಪಟ್ಟಿ ಬರೆದವರಿಗೆ ಹೊಳೆಯಲಿಲ್ಲ. ಅವರ ಮನೆಗೆ ಹಾಲು ಅಂಗಡಿಯಿಂದ ಬರುತ್ತಿರಬೇಕು.

ಹಾಗಾದರೆ ಐದು ಜೂನ್ ತಿಂಗಳು ನನ್ನ ಕೆಲಸ ಯಾರು ಮಾಡಿದರು? ನನ್ನ ಅತ್ತೆ ಕಾಲಿಪಾ, ವಯಸ್ಸು ಅರವತ್ತೇಳು. ಒಂಬತ್ತು ಕುದುರೆ, ಆರು ಹಸು, ನನ್ನ ಇಬ್ಬರು ಮಕ್ಕಳು, ಕಡೆಗೆ ನನ್ನ ಗಂಡ ಜುಮಾದಿಲ್, ಎಲ್ಲ ಅವರ ಪಾಲಿಗೆ. ಅವನೂ ಒಂದು ಸಾಕುಪ್ರಾಣಿಯೇ, ಹೊತ್ತಿಗೆ ಸರಿಯಾಗಿ ಮೇವು ಹಾಕಬೇಕು. ಎರಡನೇ ಬೇಸಿಗೆಯಲ್ಲಿ ಅತ್ತೆಯ ಮಣಿಕಟ್ಟು ಊದಿಕೊಂಡಿತ್ತು. ನಾನು ಫೋನಿನಲ್ಲಿ ಅವರಿಗೆ, "ಅಪಾ, ಸಾಕು, ಬಿಟ್ಟು ಬರ್ತೀನಿ" ಅಂದೆ. "ಬಂದ್ರೆ ಗುಡಾರದೊಳಗೆ ಸೇರಿಸಲ್ಲ. ನಿನ್ನ ಮುಖ ನೋಡಿದ್ರೆ ಕುದುರೆ ಹಾಲು ಇಳಿಸುತ್ತಾ? ಅಲ್ಲೇ ಕೂತು ಓದು" ಅಂದರು. ನಿಮ್ಮ ವಸತಿಗೃಹದ ಆರು ಮಂಚದ ಕೋಣೆಯಲ್ಲಿ ನಾನು ಓದಿದ್ದು ಆ ಬೈಗುಳದ ಬಲದಿಂದ.

ಈಗ ಬೆಣ್ಣೆಯ ವಿಚಾರ.

ಈ ಜೂನ್ ಮೊದಲಲ್ಲಿ ನಾನು ಕೊನೆಯ ಬೇಸಿಗೆಗೆಂದು ಬೆಟ್ಟ ಇಳಿಯುವಾಗ ಅತ್ತೆ ಒಂದು ಗಂಟು ಕೈಗಿತ್ತರು. ಕುರಿಯ ಹೊಟ್ಟೆಯ ಚೀಲವನ್ನು ತೊಳೆದು, ಉಪ್ಪು ಹಚ್ಚಿ, ಒಣಗಿಸಿ, ಅದರೊಳಗೆ ಒತ್ತಿ ತುಂಬಿದ ಕಳೆದ ವರ್ಷದ ಬೆಣ್ಣೆ. ಚಳಿಗಾಲ ಪೂರ್ತಿ ನಾವು ಮುಟ್ಟದೆ ಇಟ್ಟುಕೊಂಡಿದ್ದದ್ದು. "ಇದು ನಿಮ್ಮ ಸಾಯ್ಕಾಲ್ ಎಜೆಗೆ" ಅಂದರು. ಐದು ವರ್ಷ ನಮಗೆ ಗಣಿತ ಬೋಧನೆ ಕಲಿಸಿದ, ಇದೇ ವರ್ಷ ನಿವೃತ್ತರಾಗುವ ಅಧ್ಯಾಪಕಿ ಅವರು; ಎಜೆ ಅಂದರೆ ನಮ್ಮಲ್ಲಿ ಅಕ್ಕ.

"ಅಪಾ, ಈಗ ಅದಕ್ಕೆಲ್ಲ ಕಾನೂನು ಬಂದಿದೆ."

"ಯಾವ ಕಾನೂನು? ಐದು ವರ್ಷ ನನ್ನ ಸೊಸೆಗೆ ವಿದ್ಯೆ ಕೊಟ್ಟವಳ ಎದುರಿಗೆ ಬರಿಗೈಯಲ್ಲಿ ನಿಲ್ತೀಯಾ? ಜನ ನನ್ನನ್ನ ಏನಂದ್ಕೊಳ್ಳಬೇಕು?" ಆಮೇಲೆ ಸ್ವಲ್ಪ ಯೋಚಿಸಿ, "ಅಂಕ ಬರೆದ ಮೇಲೆ ಕೊಡು. ಮೊದಲೇ ಕೊಟ್ರೆ ಅದು ಬೇರೆ ಮಾತಾಗುತ್ತೆ" ಅಂದರು.

ಅಧ್ಯಕ್ಷರೇ, ನಿಮ್ಮ ಹದಿನಾಲ್ಕು ಪುಟದ ನಿಯಮಾವಳಿಯನ್ನು ನಾನು ಎರಡು ಸಲ ಓದಿದ್ದೇನೆ. ಈ ಒಂದು ವಾಕ್ಯದಷ್ಟು ವಿವೇಕ ಅದರಲ್ಲಿ ಎಲ್ಲೂ ಸಿಗಲಿಲ್ಲ.

ಜೂನ್ ಇಪ್ಪತ್ತೇಳರಂದು ಮೌಖಿಕ ಪರೀಕ್ಷೆಯಲ್ಲಿ ನಾನು ಪ್ರಶ್ನೆಯ ಚೀಟಿ ಎತ್ತಿದೆ, ಮೂರು ಪ್ರಶ್ನೆಗೂ ಉತ್ತರಿಸಿದೆ. ಮೂವರು ಪರೀಕ್ಷಕರು ಕೂಡಿ ನನ್ನ ಅಂಕಪುಸ್ತಕದಲ್ಲಿ ಐದಕ್ಕೆ ಐದು ಎಂದು ಬರೆದು ಸಹಿ ಮಾಡಿದರು. ಪುಸ್ತಕ ನನ್ನ ಕೈಗೆ ಬಂತು. ಅದಾದ ಮೇಲೆ ನಾನು ಗಂಟು ಬಿಚ್ಚಿ, ಎಲ್ಲರ ಕಣ್ಣೆದುರಿಗೇ, ಎರಡೂ ಕೈಯಲ್ಲಿ ಸಾಯ್ಕಾಲ್ ಎಜೆಗೆ ಕೊಟ್ಟೆ. ಅವರ ಕಣ್ಣು ತುಂಬಿತು. "ನಮ್ಮಮ್ಮ ಹೋದ ಮೇಲೆ ಇದನ್ನ ನೋಡೇ ಇರಲಿಲ್ಲ ಕಣೇ" ಅಂದರು. ಅಷ್ಟರಲ್ಲಿ ನಿಮ್ಮ ಸಮಿತಿಯ ಸದಸ್ಯರೊಬ್ಬರು ಒಳಗೆ ಬಂದು ಫೋಟೊ ತೆಗೆದರು, ಲಂಚವೆಂದು ಬೆಣ್ಣೆಯನ್ನು ವಶಕ್ಕೆ ತೆಗೆದುಕೊಂಡರು.

ಮಹಜರಿನಲ್ಲಿ ಬರೆದದ್ದು ನನಗೆ ಬಾಯಿಪಾಠವಾಗಿದೆ: "ಪ್ರಾಣಿಯ ಅಂಗದೊಳಗೆ ಅಡಗಿಸಿಟ್ಟ ಹಳದಿ ವಸ್ತು, ನಾಲ್ಕು ಕಿಲೋ ಇನ್ನೂರು ಗ್ರಾಂ." ಅಡಗಿಸಿಟ್ಟದ್ದೇ? ನಿಮ್ಮ ಮನೆಯಲ್ಲಿ ಸೀಸೆಯೊಳಗೆ ಜಾಮ್ ಅಡಗಿರುತ್ತದೆಯೇ? ಬೆಣ್ಣೆ ಇಡುವ ಪಾತ್ರೆಯೇ ಅದು, ಸ್ವಾಮಿ. ನಿಮ್ಮ ಅಜ್ಜಿಯೂ ಅದರಲ್ಲೇ ಇಟ್ಟಿರುತ್ತಾರೆ, ಕೇಳಿ ನೋಡಿ. ಲಂಚ ಕೊಡುವವರು ಹೇಗೆ ಕೊಡುತ್ತಾರೆ ಎನ್ನುವುದು ಈ ದೇಶದಲ್ಲಿ ಯಾರಿಗೆ ಗೊತ್ತಿಲ್ಲ? ಮೂವರು ಪರೀಕ್ಷಕರ ಮುಂದೆ, ಫಲಿತಾಂಶ ಕೈಗೆ ಬಂದಮೇಲೆ, ನಾಲ್ಕು ಕಿಲೋ ಭಾರ ಎತ್ತಿ ಕೊಡುವ ದಡ್ಡಿಯನ್ನು ನೀವು ಮೊದಲು ಎಲ್ಲಾದರೂ ಕಂಡಿದ್ದಿರಾ?

ಇಲ್ಲಿಗೆ ನಿಲ್ಲಿಸಿ ಹಾಲು ಕರೆದು ಬಂದೆ. ಸಿಟ್ಟಿನಲ್ಲಿ ಜೋರಾಗಿ ಎಳೆದೆನೋ ಏನೋ, ಒಂದು ಕುದುರೆ ಒದೆಯಲು ಬಂತು.

ಜುಲೈ ಹದಿನೈದಕ್ಕೆ ವಿಚಾರಣೆಗೆಂದು ಕರೆದಿರಿ. ಕುದುರೆ ಮೇಲೆ ಮೂರು ಗಂಟೆ, ವ್ಯಾನಿನಲ್ಲಿ ಆರು ಗಂಟೆ ಪ್ರಯಾಣ ಮಾಡಿ ಬಂದೆ. ನೀವು ಬರಲಿಲ್ಲ. ನಿಮ್ಮ ಗುಮಾಸ್ತರು ಬೀರುವಿನಿಂದ ಸಾಕ್ಷ್ಯವನ್ನು ತೆಗೆದು ನನ್ನೆದುರು ತೂಗಿದರು: ಎರಡು ಕಿಲೋ ಒಂಬೈನೂರು.

"ಉಳಿದದ್ದು ಎಲ್ಲಿ?" ಅಂತ ಕೇಳಿದೆ.

"ಬೇಸಿಗೆ ಅಲ್ವಾ ಎಜೆ, ಒಣಗಿದೆ."

"ಒಣಗಿದ ಕಡೆ ಚಾಕು ಗುರುತು ಹೇಗೆ ಬಂತಪ್ಪ?"

"ಪರೀಕ್ಷೆಗೆ ಅಂತ ಸ್ವಲ್ಪ ತೆಗೆದಿದ್ದಾರೆ."

ಅಧ್ಯಕ್ಷರೇ, ನಾನು ಮೂರನೇ ತರಗತಿಗೆ ಕಳೆಯುವ ಲೆಕ್ಕ ಕಲಿಸುವವಳು. ಒಂದು ಕಿಲೋ ಮುನ್ನೂರು ಗ್ರಾಂ ಪರೀಕ್ಷೆ ನಡೆದಿದೆ. ಕತ್ತರಿಸಿದ ಅಂಚಿಗೆ ರೊಟ್ಟಿಯ ಚೂರೂ ಅಂಟಿಕೊಂಡಿತ್ತು. ತಿಂದವರ ಮೇಲೆ ನನಗೆ ಕೋಪವಿಲ್ಲ, ಅದು ತಿನ್ನಲಿಕ್ಕೆಂದೇ ಕಡೆದದ್ದು. ಆದರೆ ನಾನು ಕೊಟ್ಟರೆ ಅಪರಾಧ, ನೀವು ತಿಂದರೆ ವಿಚಾರಣೆ ಆಗುವುದು ಹೇಗೆ, ತಿಳಿಸಿ.

ಅವತ್ತೇ ಗುಮಾಸ್ತರು ಒಂದು ಹಾಳೆಯನ್ನು ನನ್ನ ಮುಂದೆ ಸರಿಸಿದರು. "ನನ್ನ ಅತ್ತೆ ಕಾಲಿಪಾ ಅವರ ಪ್ರೇರಣೆಯಿಂದ ಪರೀಕ್ಷಕಿಗೆ ಲಂಚ ನೀಡಿರುತ್ತೇನೆ, ವಿಷಾದಿಸುತ್ತೇನೆ" ಎಂದು ಅಚ್ಚು ಮಾಡಿ ತಂದಿದ್ದರು. ಆಗಸ್ಟ್ ಇಪ್ಪತ್ತರೊಳಗೆ ಸಹಿ ಹಾಕಿದರೆ ಎಚ್ಚರಿಕೆ ಕೊಟ್ಟು ಪದವಿ ಬಿಡುಗಡೆ. ಹಾಕದಿದ್ದರೆ ಸಮಿತಿ ಅಕ್ಟೋಬರಿನಲ್ಲಿ ಸೇರುತ್ತದೆ. ಅಷ್ಟು ಹೊತ್ತಿಗೆ ನನ್ನ ಕೆಲಸ ಇರುವುದಿಲ್ಲ, ಇಪ್ಪತ್ತಮೂರು ಮಕ್ಕಳಿಗೆ ಶಿಕ್ಷಕಿಯೂ ಇರುವುದಿಲ್ಲ. "ಒಂದು ಸಹಿ ಅಷ್ಟೇ ಎಜೆ, ಯಾರು ಓದ್ತಾರೆ?" ಅಂದರು. ಸಾಯ್ಕಾಲ್ ಎಜೆಯ ಹೆಸರನ್ನು ಅದರಲ್ಲಿ ಬರೆದಿಲ್ಲ ಎಂದು ಸಮಾಧಾನ ಹೇಳಿದರು. ಕೊಟ್ಟವಳು ಇದ್ದಮೇಲೆ ತೆಗೆದುಕೊಂಡವಳು ಇರಲೇಬೇಕಲ್ಲ? ಮೂವತ್ತೈದು ವರ್ಷ ಪಾಠ ಹೇಳಿದವರನ್ನು ಕಳಿಸಿಕೊಡುವ ರೀತಿ ಇದು.

ಹಾಳೆಯನ್ನು ಬೆಟ್ಟಕ್ಕೆ ತಂದೆ. ಅತ್ತೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

"ಹಾಕು ಸಹಿ. ಲಂಚಕೋರಿ ಅಂತಾನೇ ಬರ್ಕೊಳ್ಳಲಿ. ಈ ವಯಸ್ಸಲ್ಲಿ ನನಗೇನು ಗಂಡು ಹುಡುಕಬೇಕಾ?" ಅಂದು ನಕ್ಕರು. ನಾನೂ ನಕ್ಕೆ. ನಿಜ ಹೇಳುತ್ತೇನೆ, ಆ ಕ್ಷಣ ಸಹಿ ಹಾಕಿಬಿಡೋಣ ಅನ್ನಿಸಿತು. ಪೆನ್ನು ಕೂಡ ತೆಗೆದಿದ್ದೆ. ಇನ್ನೊಂದು ದಿನ ಯೋಚಿಸೋಣ ಎಂದು ಮಡಿಸಿಟ್ಟೆ.

ಮಾರನೇ ದಿನ ಕುರಿಗಳಿಗೆ ಲಸಿಕೆ ಹಾಕಲು ಪಶುವೈದ್ಯರು ಬಂದರು. ಪ್ರತಿ ವರ್ಷ ಬರುವ ಮನುಷ್ಯ. ಅತ್ತೆ ಚಹಾ ಬಗ್ಗಿಸಿದರು, ರೊಟ್ಟಿ ಇಟ್ಟರು. ಬೆಣ್ಣೆ ಬರಲಿಲ್ಲ. ಮರೆತರೇನೋ ಎಂದು ನಾನೇ ತರಲು ಎದ್ದರೆ, ಅತ್ತೆ ನನ್ನ ತೋಳು ಹಿಡಿದು ಪರದೆಯ ಹಿಂದಕ್ಕೆ ಎಳೆದರು. "ಬೇಡ ಕಣೇ," ಅಂದರು ಪಿಸುದನಿಯಲ್ಲಿ, "ಅವನೂ ಸರ್ಕಾರದವನು. ಪಾಪ, ನಮ್ಮಿಂದ ಅವನಿಗೆ ತೊಂದರೆ ಆಗೋದು ಬೇಡ."

ನಾನು ಈ ಮನೆಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಯಿತು. ನಮ್ಮ ಗುಡಾರದಲ್ಲಿ ಅತಿಥಿಯೊಬ್ಬ ಒಣರೊಟ್ಟಿ ತಿಂದು ಎದ್ದದ್ದನ್ನು ಅವತ್ತೇ ಮೊದಲು ನೋಡಿದ್ದು. ಅವರು ಹೋದಮೇಲೆ ಅತ್ತೆ ಹೊರಗೆ ನಿಂತು ದಾರಿ ನೋಡುತ್ತಲೇ ಇದ್ದರು. ನನಗೆ ನಾಚಿಕೆಯಾಯಿತು. ಅವತ್ತಿನಿಂದ ಸರಿಯಾಗಿ ನಿದ್ದೆಯಿಲ್ಲ. ಕೂತರೆ ನಿಲ್ಲಬೇಕು, ನಿಂತರೆ ಎಲ್ಲಿಗಾದರೂ ಹೊರಡಬೇಕು ಅನ್ನಿಸುತ್ತಿದೆ. ಆ ಹಾಳೆಗೆ ನಾನು ಸಹಿ ಹಾಕುವುದಿಲ್ಲ.

ನನ್ನ ಬೇಡಿಕೆ ಎರಡು. ಆಗಸ್ಟ್ ಇಪ್ಪತ್ತರೊಳಗೆ ಸಮಿತಿ ಸೇರಿ, ಮೂವರು ಪರೀಕ್ಷಕರು ಬರೆದ ಅಂಕವನ್ನು ಮಾನ್ಯ ಮಾಡಬೇಕು. ಎರಡನೆಯದು, ನಿಮ್ಮದೇ ಮುದ್ರೆಯಿರುವ ಕಾಗದದಲ್ಲಿ ಕಾಲಿಪಾ ಅವರಿಗೆ ಒಂದು ಸಾಲು ಬರೆಯಬೇಕು: ಅವರು ಯಾವ ತಪ್ಪನ್ನೂ ಮಾಡಿಲ್ಲ, ಮನೆಗೆ ಬಂದವರಿಗೆ ಬೆಣ್ಣೆ ಬಡಿಸಬಹುದು ಎಂದು.

ಎರಡರಲ್ಲಿ ಒಂದನ್ನೇ ಮಾಡಲು ನಿಮ್ಮ ಕೈಲಾಗುವುದಾದರೆ, ದಯವಿಟ್ಟು ಎರಡನೆಯದನ್ನು ಮಾಡಿ.

ಇಂತಿ,
ಐದಕ್ಕೆ ಐದು ಪಡೆದೂ ಪದವಿ ಸಿಗದ
ಉಮ್ಸುನಾಯ್
ಶಿಕ್ಷಕಿ, ಮೂರು ಮತ್ತು ನಾಲ್ಕನೇ ತರಗತಿ
(ಆಗಸ್ಟ್ ಮೂವತ್ತೊಂದರವರೆಗೆ)