ನಿಮ್ಮವ್ವನಿಗೆ ಕೊಡಿಸಿದ ಒಂದು ಅಂಕ

ಕೆ.ಬಿ. ಬಡಾವಣೆ, ದಾವಣಗೆರೆ
12-11-2025

ಪ್ರೀತಿಯ ಮಗಳು ಸುಧಾಗೆ,

ನಿನ್ನ ಸೊಂಟದ ನೋವು ಹೇಗಿದೆ? ಕೊಪ್ಪಳದ ಹೊಸ ಶಾಲೆಗೆ ಹೋಗಿ ಬರಲು ಬಸ್ಸು ಸರಿಯಾಗಿ ಸಿಗುತ್ತದೆಯೇ? ಇಲ್ಲಿ ನಿನ್ನ ತಮ್ಮ ಶ್ರೀನಿವಾಸ, ಅವನ ಹೆಂಡತಿ ಯಶೋದಾ ಆರಾಮ. ನಿಮ್ಮವ್ವ ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ. ನಾನೂ ಅಷ್ಟೇ. ಫೋನ್ ಬಿಟ್ಟು ಅಪ್ಪ ಇದೇನು ಕಾಗದ ಬರೆಯುತ್ತಾನೆ ಅಂತ ನಗಬೇಡ. ನಾನು ಫೋನ್ ಹಿಡಿದರೆ ಬೀದಿಗೆಲ್ಲ ಕೇಳುತ್ತದಂತೆ, ಮನೆಯವರಿಗೆ ಕೇಳದೆ ಇರುತ್ತದೆಯೇ?

ಕಳೆದ ಗುರುವಾರ ಮುಬಶ್ಶಿರಾ ಅಂತ ಸರ್ವೆ ಮಾಡುವ ಹುಡುಗಿ ಬಂದಿದ್ದಳು. ಅರವತ್ತು ದಾಟಿದವರಲ್ಲಿ ಎಷ್ಟು ಜನಕ್ಕೆ ಮರೆವಿನ ಕಾಯಿಲೆ, ಎಷ್ಟು ಜನಕ್ಕೆ ಖಿನ್ನತೆ ಅಂತ ಲೆಕ್ಕ ತೆಗೆಯುತ್ತಾರಂತೆ. ದಾವಣಗೆರೆ, ಹರಿಹರ ಎರಡೂ ಕಡೆ ಚೀಟಿ ಎತ್ತಿ ಮನೆಗಳನ್ನು ಆರಿಸಿದ್ದಾರೆ, ನಮ್ಮ ಚೀಟಿ ಬಂತು. ಕಾಯಿಲೆ ಕಂಡವರ ಮನೆಗೆ ಡಾಕ್ಟರೇ ಬರುತ್ತಾರೆ, ಉಳಿದವರದು ಅಲ್ಲಿಗೇ ಮುಗಿಯಿತು. ನಾನೋ ಮೂರು ಜನಗಣತಿ ಮಾಡಿದ ಮೇಷ್ಟ್ರು. ಹುಡುಗಿ ಪ್ಯಾಡ್ ಹಿಡಿದ ರೀತಿಯಲ್ಲೇ ಹೊಸಬಳು ಅಂತ ತಿಳಿಯಿತು, ಪಕ್ಕದಲ್ಲಿ ಕೂತು ಸೂಪರ್‌ವೈಸರ್ ಕೆಲಸ ಶುರು ಮಾಡಿದೆ. ನನ್ನ ಚಾಳಿ ನಿನಗೆ ಗೊತ್ತಲ್ಲ.

ಹುಡುಗಿ ಮೂರು ಪದ ಹೇಳಿದಳು, ನಿಮ್ಮವ್ವ ಎರಡು ನೆನಪಿಟ್ಟುಕೊಂಡಳು. ವಾರ ಸರಿ ಹೇಳಿದಳು, ವರ್ಷ ತಪ್ಪಿತು. ಆಮೇಲೆ ಗಂಡನ ಹೆಸರು ಕೇಳಿದರೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಒಡಪು ಹಾಕಿ ಹೇಳ್ರಿ ಅಂತ ಯಶೋದಾ ಬಾಗಿಲಿನಿಂದಲೇ ಹುರಿದುಂಬಿಸಿದಳು. "ಹರಿಹರದ ಹೊಳ್ಯಾಗ ಅರಿಶಿಣ ಬಣ್ಣ, ನಮ್ಮನಿ ಯಜಮಾನ್ರು..." ಅಂದು ಅಲ್ಲಿಗೇ ನಿಲ್ಲಿಸಿ ನೆಲ ನೋಡಿದಳು. ನಮ್ಮ ಮದುವೆಯಲ್ಲಿ ಹೇಳಿದ್ದೂ ಇದೇ ಒಡಪು. ಅವತ್ತು ನಡುಗುತ್ತಲೇ ಬೊಮ್ಮಣ್ಣ ಅಂತ ಮುಗಿಸಿದ್ದಳು, ಆಮೇಲೆ ಎಂದೂ ನನ್ನ ಹೆಸರು ಅವಳ ಬಾಯಲ್ಲಿ ಬಂದಿಲ್ಲ. ಹುಡುಗಿ ಸೊನ್ನೆ ಹಾಕಲು ಹೊರಟಳು, ನಾನು ಬಿಡಲಿಲ್ಲ. ಕೊಕ್ಕನೂರಿನಲ್ಲಿ ಗಣತಿ ಮಾಡುವಾಗ ಒಬ್ಬ ಹೆಂಗಸೂ ಗಂಡನ ಹೆಸರು ಹೇಳುತ್ತಿರಲಿಲ್ಲ, ಪಕ್ಕದ ಮನೆಯವರನ್ನು ಕೇಳಿ ಬರೆದುಕೊಳ್ಳುತ್ತಿದ್ದೆ. "ಆಕಿಗೆ ಗೊತ್ತೈತಮ್ಮ, ಹೇಳಾಕ ನಾಚ್ಕಿ. ಒಂದ್ ಹಾಕು" ಅಂದೆ. ಹಾಕಿದಳು. ಆ ಒಂದೇ ಅಂಕದಲ್ಲಿ ನಿಮ್ಮವ್ವ ಪಾಸು. ನಾನೇ ಪಾಸಾದವನ ಹಾಗೆ ಬೀಗಿದೆ.

ನನಗೆ ಖಿನ್ನತೆಯ ಹದಿನೈದು ಪ್ರಶ್ನೆ, ಹೌದು ಇಲ್ಲ ಅಂದರೆ ಸಾಕಿತ್ತು. ಬದುಕು ಖಾಲಿ ಅನ್ನಿಸುತ್ತದೆಯೇ ಅಂತ ಒಂದು. ಯಶೋದಾ ಚಹಾ ಹಿಡಿದು ನಿಂತಿದ್ದಳು. ಹೊತ್ತು ಹೊತ್ತಿಗೆ ಬಡಿಸುವ ಸೊಸೆಯ ಎದುರು ಹೌದು ಅಂದರೆ ಅವಳು ಮುಖ ಎಲ್ಲಿಟ್ಟುಕೊಳ್ಳಬೇಕು? "ಇಲ್ಲಮ್ಮ" ಅಂದೆ. ನಾನೂ ಪಾಸು.

ಶನಿವಾರ ಮಧ್ಯಾಹ್ನ ನಿಮ್ಮವ್ವ, ನಾನು ಅವರೆಕಾಯಿ ಸುಲಿಯುತ್ತಿದ್ದೆವು. ಸೊಸೆ ಒಳಗಿದ್ದಾಳೆ ಅಂತ ಖಾತ್ರಿ ಮಾಡಿಕೊಂಡು, ಬೀಗರನ್ನು ಮಾತಾಡಿಸುವ ಹಾಗೆ ಮೆಲ್ಲಗೆ ಕೇಳಿದಳು: "ಆ ಹುಡುಗಿ ಮತ್ ಬಂದ್ರೆ ಕೇಳ್ತಾಳ್ರಿ. ನಿಮ್ ಹೆಸ್ರು ಏನಂತ ನನಿಗೆ ಹೇಳಿಕೊಡ್ರಿ." ಹೇಳಿಕೊಟ್ಟೆ. ಬೊಮ್ಮಣ್ಣ, ಬೊಮ್ಮಣ್ಣ ಅಂತ ಎರಡು ಸಲ ಅಂದುಕೊಂಡಳು. ಐವತ್ತೊಂದು ವರ್ಷದ ಮೇಲೆ ನನ್ನ ಹೆಸರು ಅವಳ ಬಾಯಲ್ಲಿ ಕೇಳಿದೆ ಸುಧಾ, ನನಗೆ ಏನೂ ಅನ್ನಿಸಲಿಲ್ಲ. ಅಳುವೂ ಬರಲಿಲ್ಲ. ಬುಟ್ಟಿ ಖಾಲಿಯಾಗುವವರೆಗೂ ಸುಲಿಯುತ್ತಲೇ ಇದ್ದೆ. ಎಷ್ಟೋ ತಿಂಗಳಿಂದ ಹೀಗೇ, ಪೇಪರ್ ಬಂದರೂ ಬಿಚ್ಚುವುದಿಲ್ಲ, ಮಡಿಕೆಯಲ್ಲೇ ಇರುತ್ತದೆ.

ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಪುಟ್ಟಿಯ ತಲೆ ನನ್ನ ಪರವಾಗಿ ಒಮ್ಮೆ ಸವರು. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಪ್ಪ,
ಬೊಮ್ಮಣ್ಣ

ವಿ.ಸೂ.: ಮುಬಶ್ಶಿರಾ ನಂಬರ್ ಬರೆದಿಟ್ಟು ಹೋಗಿದ್ದಾಳೆ. ಪಟ್ಟಿ 24ನೇ ತಾರೀಖು ಮೇಲಕ್ಕೆ ಹೋಗುತ್ತದಂತೆ, ಅಷ್ಟರೊಳಗೆ ತಿದ್ದಿಸಬಹುದು. ನಾಲ್ಕು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಅದಕ್ಕೆ ಮುಂಚೆ ಒಂದು ಭಾನುವಾರ ಬಾ. ನಿಮ್ಮವ್ವನ ಆ ಒಂದನ್ನು ಸೊನ್ನೆ ಮಾಡು ಅಂತ ಆ ಹುಡುಗಿಗೆ ನಾನೇ ಹೇಳುತ್ತೇನೆ, ತಪ್ಪು ನನ್ನದು. ನನ್ನ ಹದಿನೈದು ಉತ್ತರದಲ್ಲಿ ಹನ್ನೊಂದು ಸುಳ್ಳು. ಅದನ್ನು ಮಾತ್ರ ಅವಳಿಗೆ ನೀನು ಹೇಳಬೇಕು.