ಅರಿವೆ ಕತ್ತರಿಸಿದ ದಿನ

ಗುಳೇದಗುಡ್ಡ
ಏಪ್ರಿಲ್ 31, 2204

ಎಂದೋ ಬಾಳಿ ಹೋದ ನಮ್ಮ ಹಿರಿಯರಿಗೆ ಕಾಶೀಬಾಯಿಯ ನಮಸ್ಕಾರಗಳು.

ತಾರೀಖು ನೋಡಿ ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಿಮ್ಮ ಏಪ್ರಿಲ್‌ಗೆ ಮೂವತ್ತೇ ದಿನ. ನಮ್ಮಲ್ಲಿ ಬಿಸಿಲು ಮಿತಿ ಮೀರಿದ ಮೇಲೆ ಜನವರಿಯಿಂದ ಒಂದು ದಿನ ಕಿತ್ತು ಏಪ್ರಿಲ್‌ಗೆ ಸೇರಿಸಿದರು. ಅದು ನೆರಳುದಿನ. ಅಂದು ಅಂಗಡಿ, ಕಚೇರಿ, ಸಣ್ಣಪುಟ್ಟ ದವಾಖಾನೆ ಎಲ್ಲ ಬಂದ್. ಜನ ಮನೆಯೊಳಗೇ ಇರುತ್ತಾರೆ. ಇಂಥ ವಿಚಿತ್ರ ಶಬ್ದಗಳು ಇನ್ನೂ ಒಂದೆರಡು ಬರುತ್ತವೆ. ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಖಿನ್ನತೆ ಎನ್ನುವುದನ್ನು ನಾವು ಒಳಮಬ್ಬು ಎನ್ನುತ್ತೇವೆ. ನನ್ನ ತಂಗಿ ಶಿವಲೀಲಾಳಿಗೆ ಅದು ಬಂದಾಗ ಇಪ್ಪತ್ತಾರು ವರ್ಷ. ಮೊದಲು ತಲೆ ಬಾಚಿಕೊಳ್ಳುವುದನ್ನು ಬಿಟ್ಟಳು, ಆಮೇಲೆ ಉಣ್ಣುವುದನ್ನು. ಗೋಡೆಗೆ ಮುಖ ಮಾಡಿ ಮಲಗಿದರೆ ಮಧ್ಯಾಹ್ನವಾದರೂ ಏಳುತ್ತಿರಲಿಲ್ಲ. ಡಾಕ್ಟರ್ ಮೆಹಬೂಬಿ ದಿನಕ್ಕೊಂದು ಗುಳಿಗೆ ಕೊಟ್ಟರು, ವಾರಕ್ಕೊಮ್ಮೆ ಕೂರಿಸಿಕೊಂಡು ಮಾತಾಡಿಸಿದರು, ಜೊತೆಮದ್ದನ್ನೂ ಬರೆದುಕೊಟ್ಟರು. ಜೊತೆಮದ್ದು ಎಂದರೆ ಔಷಧಿಯ ಪಕ್ಕದಲ್ಲೇ ನಡೆಯಬೇಕಾದ ಆರೈಕೆ. ಬಿಸಿಲೇರುವ ಮೊದಲು ನೆರಳುಬೀದಿಯಲ್ಲಿ, ಅಂದರೆ ಉದ್ದಕ್ಕೂ ಬಟ್ಟೆಯ ಚಪ್ಪರ ಹಾಕಿದ ಬೀದಿಯಲ್ಲಿ, ಒಂದು ಸುತ್ತು ನಡಿಗೆ. ಮನೆಗೆ ಬಂದು ಕೂತು ನಿಧಾನಕ್ಕೆ ಉಸಿರೆಳೆದು ಬಿಡುವುದು. ವಾರಕ್ಕೆರಡು ಸಲ ನಮ್ಮನ್ನು ಸಾಕಿದ ಚಿಗವ್ವನ ಕೈಯಲ್ಲಿ ತಲೆಗೆ ಎಣ್ಣೆ. ಸಂಜೆ ಮಗ್ಗ. ನಮ್ಮದು ನೇಕಾರರ ಊರು, ಅದಕ್ಕೇ ಮಗ್ಗ. ಬೇರೆ ಊರುಗಳಲ್ಲಿ ಮಡಕೆ ಮಾಡಿಸುತ್ತಾರೆ, ಹಾಡಿಸುತ್ತಾರೆ. ಮಬ್ಬಿದ್ದವರ ಪಕ್ಕ ಕೂರಲು ಮನೆಯ ಒಬ್ಬರನ್ನು ನೇಮಿಸುತ್ತಾರೆ. ನಮ್ಮ ಮನೆಯಲ್ಲಿ ನಾನು.

ಮಗ್ಗ ಸುಳ್ಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ತಿಂಗಳು ಲಾಳಿ ಹಿಡಿದು ಸುಮ್ಮನೆ ಕೂತಿರುತ್ತಿದ್ದಳು. ಎರಡನೇ ತಿಂಗಳು ದಿನಕ್ಕೆ ಎರಡು ಬೆರಳಿನಷ್ಟು ಮೂಡತೊಡಗಿತು. ಹಸಿರು ಅರಿವೆ, ಕೆಂಪು ಅಂಚು. ಒಂದು ಸಂಜೆ ಎಳೆ ಹರಿದಾಗ ನನ್ನನ್ನೇ ಬೈದಳು: "ನಿನ್ನ ಮಾತು ಕೇಳ್ಕೋತ ಕುಂತು ಹರೀತ ನೋಡಕ್ಕಾ. ಬಾಯಿಗೆ ಒಂದೀಟು ಬೀಗ ಹಾಕ್ಕೋ." ಅಷ್ಟು ದಿನದ ಮೇಲೆ ಬೈಸಿಕೊಂಡೆನಲ್ಲ ಎಂಬ ಸಂತೋಷಕ್ಕೆ ಅಡುಗೆಮನೆಗೆ ಹೋಗಿ ಅತ್ತೆ. ಮರುವಾರ ಸಜ್ಜೆ ರೊಟ್ಟಿ ಕೇಳಿ ಹಾಕಿಸಿಕೊಂಡು ಉಂಡಳು.

ಇನ್ನು ನಮ್ಮವರ ಪದ್ಧತಿ ಹೇಳಬೇಕು. ಮಬ್ಬಿದ್ದವರು ಮನಸಾರೆ ನಕ್ಕ ದಿನ ಮನೆಯವರೆಲ್ಲ ಸೇರಿ ಅವರು ನೇಯ್ದಷ್ಟು ಅರಿವೆಯನ್ನು ಮಗ್ಗದಿಂದ ಕತ್ತರಿಸಿ, ಅವರಿಗೇ ಹೊದಿಸಿ, ಹೋಳಿಗೆ ಉಣ್ಣುತ್ತೇವೆ. ರೋಗಕ್ಕೆ ಸೇರಿದ್ದನ್ನೆಲ್ಲ, ಗುಳಿಗೆಯ ಡಬ್ಬಿಯನ್ನೂ, ಗಂಟು ಕಟ್ಟಿ ದವಾಖಾನೆಗೆ ಮುಟ್ಟಿಸುತ್ತೇವೆ. ಆಮೇಲೆ ಆ ಮನೆಯಲ್ಲಿ ಮಬ್ಬಿನ ಹೆಸರೆತ್ತಬಾರದು. ಹೋದ ವರ್ಷದ ನೆರಳುದಿನ ಚಿಗವ್ವ ಏನೋ ತಮಾಷೆ ಮಾಡಿದಾಗ ಶಿವಲೀಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಲ್ಲರೂ ಮನೆಯಲ್ಲೇ ಇದ್ದೆವು. ಕತ್ತರಿ ನನ್ನ ಕೈಗೆ ಕೊಟ್ಟರು. ನಾನು ಹಿಂದೆ ಮುಂದೆ ನೋಡಲಿಲ್ಲ. ಸಂಜೆ, ಬಾಗಿಲು ಹಾಕಿದ್ದ ದವಾಖಾನೆಯ ಕಟ್ಟೆಯ ಮೇಲೆ ಗಂಟು ಇಟ್ಟು ಬಂದೆ.

ಮರುದಿನ ಮೆಹಬೂಬಿ ಆ ಡಬ್ಬಿ ಹಿಡಿದುಕೊಂಡೇ ಬಂದರು. "ಕಾಶವ್ವ, ಗುಳಗಿ, ಮಗ್ಗ ಎರಡೂ ಕೂಡಿ ಆಕೀನ್ನ ಎಬ್ಬಿಸ್ಯಾವ. ಇದನ್ನ ಒಮ್ಮಿಗೇ ಬಿಡಸಬ್ಯಾಡ್ರಿ" ಎಂದರು. ಹೋಳಿಗೆ ಉಂಡ ಮನೆಗೆ ಗುಳಿಗೆ ತಿರುಗಿ ಬರುವುದು ಅಪಶಕುನ ಎಂದು ಚಿಗವ್ವ ಮುಖ ತಿರುಗಿಸಿದಳು. ನಾನಾದರೂ ಇಸಿದುಕೊಳ್ಳಬಹುದಿತ್ತು. ಚಹಾ ಕೂಡ ಕೇಳದೆ ಅವರನ್ನು ಹೊಸ್ತಿಲಿಂದಲೇ ಕಳಿಸಿದೆ. ಆಮೇಲೂ ಎರಡು ಸಲ ಬಂದರು, ಎರಡು ಸಲವೂ ಹಾಗೇ ಕಳಿಸಿದೆ.

ಮೂರು ವಾರ ಕಳೆದಿತ್ತು. ರೊಟ್ಟಿ ತಟ್ಟುತ್ತ ಶಿವಲೀಲಾ ಕೇಳಿದಳು: "ಅಕ್ಕಾ, ಅರಿವಿ ಕತ್ತರಿಸಿದ ಮ್ಯಾಲೆ ಮತ್ತ ಅಳಬಾರದೇನ?"

"ಅಳೂದ್ಯಾಕ? ಆರಾಮ ಆಗಿಯಲ್ಲ" ಎಂದೆ, ಹಿಟ್ಟು ನಾದುತ್ತ, ಅವಳ ಮುಖ ನೋಡದೆ. ಅವಳು ಹೂಂ ಎಂದಳು. ಮುಂದಿನ ವಾರ ತನ್ನ ಜೀವ ತಾನೇ ಕಳೆದುಕೊಂಡಳು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಈ ಪದ್ಧತಿ ನಿಮ್ಮ ಕಾಲದಲ್ಲಿ ಶುರುವಾಯಿತೆಂದು ನಮ್ಮ ಮುದುಕರು ಹೇಳುತ್ತಾರೆ. ಈ ಊರಿನ ಯಾವುದೋ ಮನೆಯಲ್ಲಿ ಯಾರೋ ಒಬ್ಬರು ನಕ್ಕರಂತೆ, ಸಂತೋಷ ತಡೆಯಲಾರದೆ ಇನ್ನೊಬ್ಬರು ಕತ್ತರಿ ತಂದರಂತೆ. ಆ ಇನ್ನೊಬ್ಬರು ನೀವೇ ಆಗಿರಬಹುದು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ; ನಾನೂ ಸಂತೋಷದಿಂದಲೇ ಕತ್ತರಿಸಿದೆ. ಆದರೆ ನಿಮ್ಮ ಕೈ ಅಂದು ತಡೆದರೆ ಎರಡು ಶತಮಾನದಾಚೆ ನನ್ನ ತಂಗಿ ಉಳಿದಾಳೇನೋ ಎಂಬ ಆಸೆಗೆ ಬರೆಯುತ್ತಿದ್ದೇನೆ. ಮಬ್ಬಿದ್ದವರನ್ನು ನಡೆಸಿ, ನೇಯಿಸಿ, ತಲೆಗೆ ಎಣ್ಣೆ ಹಚ್ಚಿ. ಅವರು ನಕ್ಕರೆ ನೀವೂ ನಗಿ. ಗುಳಿಗೆ ಯಾವಾಗ ಬಿಡಬೇಕೆಂಬುದನ್ನು ಕೊಟ್ಟವರು ಹೇಳಲಿ. ಕತ್ತರಿ ಕೈಗೆ ಬಂದರೆ ಕೆಳಗಿಟ್ಟುಬಿಡಿ.

ಆ ಹಸಿರು ಅರಿವೆ ನನ್ನ ಹತ್ತಿರ ಇದೆ, ಎರಡೂವರೆ ಮೊಳ. ಮಗ್ಗದ ಮೇಲೆ ಇನ್ನೂ ನಾಲ್ಕು ಮೊಳಕ್ಕಾಗುವಷ್ಟು ನೂಲು ಹಾಗೇ ಉಳಿದಿದೆ. ಅದರ ಮುಂದೆ ಕೂತು ದಿನಾ ಅವಳಿಗೆ ಉತ್ತರ ಕೊಡುತ್ತೇನೆ: ಅಳಬಹುದವ್ವ, ಲೀಲಾ. ಬಾ, ಇಲ್ಲಿ ನನ್ನ ಬಾಜೂಕ ಕುಂತು ಅಳು.