ತೋಳು ಮಡಚಿದ ಸುದ್ದಿ

ಭಾನುವಾರ ಮಧ್ಯಾಹ್ನ, ಅಂಗಡಿಗೆ ರಜೆ

ನನ್ನ ಮುದ್ದು ಚಿಕ್ಕಮ್ಮಾ,

ಇಷ್ಟುದ್ದ ಮೆಸೇಜು ಕಳಿಸಿದರೆ ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿ ಸುಮ್ಮನಾಗುತ್ತಾಳೆ ಅಂತ ಅಮ್ಮನ ಹತ್ತಿರ ದೂರಿದ್ದೀಯಂತೆ. ತಗೋ, ಪೂರ್ತಿ ಕಾಗದ! ಅಕ್ಷರ ನೋಡಿ ನಗಬೇಡ, ಪೆನ್ನು ಹಿಡಿದು ಯಾವ ಕಾಲವಾಯಿತೋ.

ಮೊದಲು ಸುದ್ದಿ. ಶುಕ್ರವಾರ ಸಲೂನಿನಲ್ಲಿ ತೋಳು ಮಡಚಿಕೊಂಡು ಕೆಲಸ ಮಾಡಿದೆ. ಹೌದು, ನಾನೇ!

ನಿನಗೆ ಗೊತ್ತಲ್ಲ, ಮೊಣಕೈ ಚರ್ಮಕ್ಕೆ ಸೋರಿಯಾಸಿಸ್ ಶುರುವಾದಾಗಿನಿಂದ ನನ್ನದು ತುಂಬುತೋಳಿನ ಅಂಗಿಯೇ. ತಲೆ ತೊಳೆಯುವ ಕೆಲಸಕ್ಕೆ ತುಂಬುತೋಳು ಅಂದರೆ ದಿನವಿಡೀ ಒದ್ದೆ ಬಟ್ಟೆ, ಒದ್ದೆ ಬಟ್ಟೆ ಅಂದರೆ ಇನ್ನಷ್ಟು ತುರಿಕೆ. ಕತ್ತರಿ ಹಿಡಿಯುವ ಕುರ್ಚಿಗೆ ನನ್ನನ್ನು ಹಾಕುತ್ತೇನೆ ಅಂತ ಸಲೂನಿನ ಮೇಡಂ ಹೇಳಿದ್ದರು, ಆದರೆ ಅಲ್ಲಿ ಅರ್ಧತೋಳು ಕಡ್ಡಾಯ. ಉದ್ದ ತೋಳಿನ ತುದಿಗೆ ಕೂದಲು ಅಂಟುತ್ತೆ, ಕತ್ತರಿಗೆ ಅಡ್ಡ ಬರುತ್ತೆ. ಈ ಮೊಣಕೈ ತೋರಿಸಬೇಕು, ಇಲ್ಲವಾದರೆ ಜೀವನವಿಡೀ ಶಾಂಪೂ ನೊರೆಯಲ್ಲೇ ಇರಬೇಕು. ಅಷ್ಟೇ ಲೆಕ್ಕ.

ಅದಕ್ಕೇ ಸೋರಿಯಾಸಿಸ್ ಇರುವವರ ಫೋನಿನ ಗುಂಪಿಗೆ ಸೇರಿದ್ದು. ಎಷ್ಟು ಒಳ್ಳೆಯ ಜನ ಗೊತ್ತಾ! 'ಬೆಳ್ಳಿಮೀನು' ಅಂತ ಹೆಸರಿಟ್ಟುಕೊಂಡವಳೊಬ್ಬಳು ನಾನು ಅತ್ತ ದಿನವೆಲ್ಲಾ ಮೆಸೇಜಿನಲ್ಲೇ ಜೊತೆಗಿದ್ದಳು. ಆದರೆ ಒಬ್ಬೊಬ್ಬರದು ಒಂದೊಂದು ಮದ್ದು. ಉಪ್ಪುನೀರು ಅಂದರು, ಲೋಳೆಸರ ಅಂದರು, ಓಟ್ಸ್ ಹಿಟ್ಟು, ವಿನೆಗರ್, ಯಾವುದೋ ಕಪ್ಪು ಸೋಪು, ಹೀಗೆ ಒಟ್ಟು ಒಂಬತ್ತು. ನಾನು ಬಿಟ್ಟೆನಾ? ಒಂದೇ ವಾರದಲ್ಲಿ ಒಂಬತ್ತೂ ಹಚ್ಚಿದೆ. ಮೇಲೆ ನೀನು ಕಾಯಿಸಿ ಕೊಟ್ಟ ಎಣ್ಣೆ. ಮೊಣಕೈ ಕೆಂಡದ ಹಾಗಾಯಿತು. ಆ ವಾರ ನೀನು ಕೇಳಿದಾಗ ತಂಪಾಗಿದೆ ಅಂದೆನಲ್ಲ, ಸುಳ್ಳು ಚಿಕ್ಕಮ್ಮಾ. ನಿನ್ನ ಮನಸ್ಸಿಗೆ ಬೇಜಾರಾಗಬಾರದು ಅಂತ.

ಮೇಡಂ ಕೈ ನೋಡಿ ದಂಗಾದರು. "ಗಿರಾಕಿ ತಲೆಗೆ ಬಣ್ಣ ಹಚ್ಚೋಕೆ ಮುಂಚೆ ಕಿವಿ ಹಿಂದೆ ಒಂದು ಚುಕ್ಕಿ ಇಟ್ಟು, ಆಗಿಬರುತ್ತಾ ಅಂತ ಎರಡು ದಿನ ಕಾಯ್ತೀಯ. ನಿನ್ನ ಚರ್ಮಕ್ಕೆ ಆ ಮರ್ಯಾದೆನೂ ಇಲ್ವೇನೇ?" ಅಂತ ಎಲ್ಲರ ಮುಂದೆ ಬೈದರು. ಬೈದು, ಅವತ್ತೇ ಅರ್ಧ ದಿನ ರಜೆ ಕೊಟ್ಟು ಚರ್ಮದ ಡಾಕ್ಟರ ಹತ್ತಿರ ಕಳಿಸಿದರು.

ಡಾಕ್ಟರಮ್ಮ ನನ್ನ ಒಂಬತ್ತರ ಪಟ್ಟಿ ಕೇಳಿ ಕನ್ನಡಕ ತೆಗೆದು ನಕ್ಕರು. "ಊಟ ಒಂದನ್ನ ಬಿಟ್ಟು ಎಲ್ಲಾ ಹಚ್ಚಿದ್ದೀಯಲ್ಲಮ್ಮ" ಅಂದರು. ಒಂದು ಮುಲಾಮು ಕೊಟ್ಟರು. ಬಿಸಿನೀರು ಬೇಡ, ಉಗುರುಬೆಚ್ಚಗಿನ ನೀರು ಸಾಕು. ಮೈ ಇನ್ನೂ ಹಸಿಯಿದ್ದಾಗಲೇ ಪರಿಮಳವಿಲ್ಲದ ದಪ್ಪ ಕ್ರೀಮು. ಕೆರೆಯುವ ಹಾಗಿಲ್ಲ. ನಿನ್ನ ಎಣ್ಣೆಯ ಬಗ್ಗೆಯೂ ಕೇಳಿದೆ. ಉರಿ ತಂದದ್ದು ಅದರಲ್ಲಿದ್ದ ನಿಂಬೆಸಿಪ್ಪೆಯಂತೆ. ಬರೀ ಎಣ್ಣೆಯಾದರೆ ಸ್ನಾನಕ್ಕೆ ಮುಂಚೆ ಚರ್ಮದ ಮೇಲಿನ ಒಣ ಪದರ ಮೆತ್ತಗಾಗಲು ಹಚ್ಚಬಹುದಂತೆ. ಮುಂದಿನ ಸಲ ಸಿಪ್ಪೆ ಬಿಟ್ಟು ಕಾಯಿಸಿ ಕೊಡು, ಆಯ್ತಾ?

ಆರು ವಾರವಾಯಿತು. ಪೂರ್ತಿ ಹೋಗಿಲ್ಲ. ಬರುತ್ತೆ, ಹೋಗುತ್ತೆ, ಮತ್ತೆ ಬರಬಹುದು ಅಂತ ಡಾಕ್ಟರಮ್ಮ ನೇರವಾಗಿಯೇ ಹೇಳಿದ್ದಾರೆ. ಆದರೆ ಉರಿ ಇಲ್ಲ. ರಾತ್ರಿಯೆಲ್ಲಾ ನಿದ್ದೆ ಬರುತ್ತೆ, ನಿಜವಾದ ನಿದ್ದೆ!

ಶುಕ್ರವಾರ ತೋಳನ್ನು ಅರ್ಧಕ್ಕೆ ಮಡಚಿ ಕುರ್ಚಿಯ ಹಿಂದೆ ನಿಂತೆ. ಮೊದಲು ಬಂದವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಆಂಟಿ. ಕನ್ನಡಿಯಲ್ಲಿ ನನ್ನ ಮೊಣಕೈ ನೋಡಿ, "ಅಂಟುತ್ತೇನಮ್ಮ ಅದು?" ಅಂದರು. ಮೇಡಂ ಬಾಯಿ ತೆರೆಯುವ ಮೊದಲೇ ನಾನು, "ಇಲ್ಲ ಆಂಟಿ, ಸೋರಿಯಾಸಿಸ್. ನಂದು ನನ್ನ ಹತ್ರಾನೇ ಇರುತ್ತೆ, ಯಾರಿಗೂ ಕೊಡಲ್ಲ" ಅಂದೆ. ಅವರು ತಲೆ ನೆಟ್ಟಗೆ ಮಾಡಿಕೊಂಡು, "ಹಾಗಾದ್ರೆ ಕಿವಿ ಕೆಳಗೆ ಎರಡು ಬೆರಳು ಬಿಟ್ಟು ಕತ್ತರಿಸು. ಗಿಡ್ಡ ಮಾಡಿಟ್ಟೆ ಅಂದ್ರೆ ಮಾತ್ರ ಜಗಳಾನೇ" ಅಂದರು. ಗಿಡ್ಡ ಮಾಡಲಿಲ್ಲ ಚಿಕ್ಕಮ್ಮಾ, ಎರಡೇ ಬೆರಳು, ಅಳತೆ ಹಿಡಿದ ಹಾಗೆ!

ಇಂತಿ ನಿನ್ನ,
ಬಾಯಿಬಡುಕಿ

ಇನ್ನೊಂದು ಮಾತು: ಕಳೆದ ತಿಂಗಳು ನೀನು ಬಂದಾಗ ನಿನ್ನ ತಲೆ ತೊಳೆದೆನಲ್ಲ, ಕತ್ತಿನ ಮೇಲ್ಗಡೆ ಕೂದಲೊಳಗೆ ಇರುವುದು ತಲೆಹೊಟ್ಟು ಅಂತ ನನಗನ್ನಿಸಲಿಲ್ಲ. ನೀನು "ಏನಿಲ್ಲ ಬಿಡೇ" ಅಂದು ಟವೆಲ್ ಸುತ್ತಿಕೊಂಡೆ, ನಾನೂ ಕಂಡೂ ಕಾಣದವಳ ಹಾಗೆ ನಲ್ಲಿ ತಿರುಗಿಸಿದೆ. ಗುರುವಾರ ಹತ್ತೂವರೆಗೆ ಅದೇ ಡಾಕ್ಟರಮ್ಮನ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಬೈಯುವುದಿದ್ದರೆ ಅಲ್ಲಿಗೇ ಬಂದು ಬೈ, ಬಾಗಿಲಲ್ಲೇ ನಿಂತಿರುತ್ತೇನೆ.